ಚೌಕಟ್ಟಿನ ಹೊರಗೆ ಬಿಡುವುದೇನನ್ನು?

ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಚಿತ್ರ ತೆಗೆದರು. ಹರಳು ಹಿನ್ನೆಲೆಯಿಂದ ಎದ್ದು ಕಾಣಲೆಂದು ಅವರು ನೆಗೆಟಿವ್‌ನ ಪ್ರತಿ ಮಾಡಿಕೊಂಡು, ಹರಳಿನ ಅಂಚಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಕೆರೆದ ಜಾಗವೆಲ್ಲ ಅಚ್ಚಿನಲ್ಲಿ ಕಪ್ಪಾಗಿ ಹರಳು ಬೆಳಗುತ್ತಿತ್ತು. ಹೀಗೆ ಮಾಡಿದರೆ ಹರಳಿನ ನಿಜರೂಪವೇ ಕೆಡುತ್ತದೆ ಎಂದು ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್ಮನ್ ಆಕ್ಷೇಪಿಸಿದರು. ಚಿತ್ರ ಚೆನ್ನಾಗಿ ಕಾಣಲು ಎಷ್ಟನ್ನು ತೆಗೆದುಹಾಕಬಹುದು ಎಂಬ ಚರ್ಚೆ ಅಲ್ಲಿಂದ ಇಂದಿನವರೆಗೂ ನಡೆದೇ ಇದೆ.

ಬರ್ಲಿನ್‌ನ ಕಲಾಶಾಲೆಯಲ್ಲಿ ಮೇಷ್ಟರಾಗಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ತೆಗೆದುಹಾಕುವ ಕೆಲಸವನ್ನು ಚಿತ್ರ ತೆಗೆಯುವ ಮೊದಲೇ ಮುಗಿಸುತ್ತಿದ್ದರು. ಬೇಡದ ಎಲೆ, ಕವಲುಗಳನ್ನು ಚಿವುಟಿ, ಏನೂ ಇಲ್ಲದ ಹಿನ್ನೆಲೆಯಲ್ಲಿ ಗಿಡ ನಿಲ್ಲಿಸುತ್ತಿದ್ದರು. 1928ರಲ್ಲಿ ಅವರ ಪುಸ್ತಕ ಬಂದಾಗ, ಜರಿಗಿಡದ ಸುರುಳಿ ಚಿಗುರಿನಲ್ಲಿ ಜನ ಕಬ್ಬಿಣದ ಕುಸುರಿ ಕೆಲಸ ಕಂಡರು. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ಚಿತ್ರ ತೆಗೆದರು. 8×10 ಇಂಚಿನ ನೆಗೆಟಿವ್ ಅದೇ ಅಳತೆಯಲ್ಲಿ ಅಚ್ಚಾಗುತ್ತಿದ್ದುದರಿಂದ ಚೌಕಟ್ಟು ಕ್ಯಾಮೆರಾದ ಗಾಜಿನ ಮೇಲೆಯೇ ತೀರ್ಮಾನವಾಗುತ್ತಿತ್ತು.

ಇವೆಲ್ಲ ಹೇಳಿದ ಹಾಗೆ ಕೂರುವ ವಸ್ತುಗಳು. ಹುಳುವಿನ ಬೆನ್ನು ಹತ್ತಬೇಕಾದರೆ ಮಸೂರ ಕಂಡದ್ದನ್ನೇ ಕಣ್ಣಿಗೂ ತೋರಿಸುವ ಸಣ್ಣ ಕ್ಯಾಮೆರಾ ಬೇಕಿತ್ತು. 1936ರ ಕಿನೆ ಎಕ್ಸಾಕ್ಟಾ ಕ್ಯಾಮೆರಾ, ತೀರಾ ಹತ್ತಿರದಿಂದ ಚಿತ್ರ ತೆಗೆಯಬಲ್ಲ 1955ರ ಮ್ಯಾಕ್ರೋ-ಕಿಲಾರ್ ಮಸೂರ ಆ ದಾರಿ ತೆರೆದವು.

ಡಿಜಿಟಲ್ ಕಾಲದಲ್ಲಿ ಚೌಕಟ್ಟಿನ ತೀರ್ಮಾನ ಕಂಪ್ಯೂಟರಿಗೆ ವರ್ಗವಾಯಿತು. ಇದರಿಂದ ಲಾಭವಾದಷ್ಟೇ ನಷ್ಟವೂ ಆಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. 24 ಮೆಗಾಪಿಕ್ಸೆಲ್ ಚಿತ್ರದ ಉದ್ದ, ಅಗಲ ಎರಡನ್ನೂ ಕತ್ತರಿಸಿ (ಕ್ರಾಪ್ ಮಾಡಿ) ಅರ್ಧಕ್ಕಿಳಿಸಿದರೆ ಉಳಿಯುವುದು 6 ಮೆಗಾಪಿಕ್ಸೆಲ್. ಮೊಬೈಲಿಗೆ ಅದು ಧಾರಾಳ, ದೊಡ್ಡ ಅಚ್ಚಿಗೆ ಸಾಲದು. ಅದು ಹೋಗಲಿ, ಕ್ರಾಪ್‌ನಿಂದ ಆಗುವ ಕೆಲಸಕ್ಕೂ ಮಿತಿಯಿದೆ. ಏರೋಪ್ಲೇನ್ ಚಿಟ್ಟೆ ನಟ್ಟನಡುವೆ ಕೂತಿದ್ದರೆ ಬೆನ್ನ ಹಿಂದಿನ ಜಾಗ ಕತ್ತರಿಸಿ ಮುಖದ ಮುಂದೆ ಜಾಗ ಉಳಿಸಬಹುದು. ಆದರೆ ಅದರ ಮೈ ಓರೆಯಾಗಿದ್ದು ಕಣ್ಣಷ್ಟೇ ಸ್ಫುಟವಾಗಿದ್ದರೆ, ಹಿಂದಿನ ಬಿಸಿಲಚುಕ್ಕೆ ರೆಕ್ಕೆಗೆ ಅಂಟಿಕೊಂಡಂತಿದ್ದರೆ ಕತ್ತರಿಸಿ ಪ್ರಯೋಜನವಿಲ್ಲ. ವಸ್ತು ತನ್ನ ನಿಜ ಗಾತ್ರದಲ್ಲೇ ಮೂಡುವ 1:1 ಅಳತೆಯಲ್ಲಿ ತೆಗೆಯುವಾಗ, ಮಸೂರದ ಕಂಡಿಯನ್ನು ಎಫ್/11ಕ್ಕೆ ಕಿರಿದಾಗಿಸಿದರೂ ಸ್ಫುಟವಾಗುವ ಆಳ ಒಂದು ಮಿಲಿಮೀಟರಿನ ಆಸುಪಾಸು. ಹಾಗಾಗಿ ಕ್ಯಾಮೆರಾವನ್ನು ಚಿಟ್ಟೆಯ ಮೈಗೆ ಸಮಾಂತರವಾಗಿ ತಿರುಗಿಸಬೇಕು. ಮಂಡಿಯೂರಿ, ನೆರಳಿರುವ ಪೊದೆಯನ್ನು ಹಿನ್ನೆಲೆಗೆ ತಂದುಕೊಳ್ಳಬೇಕು.

ಎಷ್ಟನ್ನು ತೆಗೆದುಹಾಕಬಹುದು ಎಂಬುದಕ್ಕೆ ನಿಯಮವೂ ಇದೆ. ಛಾಯಾಗ್ರಾಹಕರ ಸಂಘಗಳಾದ ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್, ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಪಿ ಮೂರೂ ಸೇರಿ 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ನಿಯಮ ಕ್ರಾಪ್ ಮಾಡಲು ಬಿಡುತ್ತದೆ, ಹಲವು ಚಿತ್ರ ಸೇರಿಸಿ ಆಳ ಹೆಚ್ಚಿಸುವ ಫೋಕಸ್ ಸ್ಟ್ಯಾಕಿಂಗನ್ನೂ ಒಪ್ಪುತ್ತದೆ. ಚಿತ್ರದೊಳಗೆ ಅಡ್ಡ ಬಂದ ಹುಲ್ಲುಕಡ್ಡಿಯನ್ನು ಅಳಿಸಲು ಮಾತ್ರ ಒಪ್ಪುವುದಿಲ್ಲ. ಈ ಗೆರೆ ನ್ಯಾಯವಾದದ್ದು.

ಇಷ್ಟಾದರೂ, ಬರೀ ಮೂತಿ ತುಂಬಿದ ಬಿಗಿ ಚೌಕಟ್ಟುಗಳ ಹಾವಳಿ ನನಗೆ ಬೇಸರ ತರಿಸುತ್ತದೆ. ಹುಳು ಯಾವ ಗಿಡದ್ದು, ಎಂಥ ಜಾಗದ್ದು ಎಂಬುದೇ ಅಲ್ಲಿ ತಿಳಿಯುವುದಿಲ್ಲ. ಎಲೆ, ಗಿಡ, ಹಿಂದಿನ ತೋಟವನ್ನೂ ಒಳಗೆ ಬಿಡುವ ವೈಡ್ ಆ್ಯಂಗಲ್ ಮ್ಯಾಕ್ರೋ ನನಗೆ ಹೆಚ್ಚು ಇಷ್ಟ. ಅದು ಸುಲಭದ್ದೇನಲ್ಲ: ಮಸೂರ ಹುಳುವಿನ ಮೂತಿಯ ಹತ್ತಿರಕ್ಕೇ ಹೋಗಬೇಕು, ಆಗ ಮಸೂರದ್ದೇ ನೆರಳು ಅದರ ಮೇಲೆ ಬೀಳುತ್ತದೆ. ಪಕ್ಕದಿಂದ ಸಣ್ಣ ಫ್ಲ್ಯಾಶ್‌ನ ಬೆಳಕು ಕೊಡಬೇಕಾಗುತ್ತದೆ.