ಅಘನಾಶಿನಿಯ ಬಳಚು

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಕಾಡು ಕಣಿವೆಗಳನ್ನು ದಾಟಿ ಕುಮಟಾ ತಾಲ್ಲೂಕಿನ ಬಯಲಿಗೆ ಬರುವ ಹೊತ್ತಿಗೆ ಅಘನಾಶಿನಿಯ ಅವಸರವೆಲ್ಲ ಇಳಿದಿರುತ್ತದೆ. ಮಿರ್ಜಾನ್ ಕೋಟೆಯ ಆಸುಪಾಸಿನಿಂದ ಮುಂದಕ್ಕೆ ಅದು ಅರ್ಧ ಹೊಳೆ, ಅರ್ಧ ಕಡಲು. ಭರತದಲ್ಲಿ ಉಪ್ಪುನೀರು ಮೈಲುಗಟ್ಟಲೆ ಒಳಗೆ ನುಗ್ಗುತ್ತದೆ. ಇಳಿತದಲ್ಲಿ ಅದೇ ಜಾಗದಲ್ಲಿ ಕೆಸರು, ಮರಳಿನ ದಿಬ್ಬಗಳು ಮೇಲೇಳುತ್ತವೆ. ಆ ದಿಬ್ಬಗಳ ಒಡಲಲ್ಲಿ, ಗೇಣುದ್ದದೊಳಗೆ, ಹುದುಗಿ ಕೂತ ಜೀವಿಯೇ ಬಳಚು. ಕುಂದಾಪುರದವರ ಬಾಯಲ್ಲಿ ಇದು ಮಳಿ, ತುಳುವರಿಗೆ ಮರುವಾಯಿ, ಕೊಂಕಣಿಗರಿಗೆ ಖುಬೆ, ತಿಸ್ರೆ.

ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಇಳಿತ ಬಂತೆಂದರೆ ಹೊಳೆಯಂಚಿನ ಊರುಗಳ ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಕಣ್ಣಿಗಿಂತ ಅಂಗಾಲಿಗೆ ಇಲ್ಲಿ ಹೆಚ್ಚು ಕೆಲಸ. ಮೊಣಕಾಲುದ್ದದ ನೀರಲ್ಲಿ ಮೆಲ್ಲಗೆ ಹೆಜ್ಜೆ ತಿರುವುತ್ತ, ಕೆಸರಿನೊಳಗೆ ಗಟ್ಟಿಯಾದದ್ದು ತಗುಲಿದ ಕೂಡಲೇ ಬಗ್ಗಿ, ಕೈಹಾಕಿ, ತೆಗೆದು, ಹಿಂದೆ ತೇಲುತ್ತಿರುವ ಬುಟ್ಟಿಗೆ ಹಾಕುತ್ತಾರೆ. ಖಾಲಿ ಚಿಪ್ಪು ಯಾವುದು, ಜೀವವಿರುವುದು ಯಾವುದು ಎಂದು ಕೈಗೆ ಬಂದ ತೂಕದಲ್ಲೇ ತಿಳಿಯುತ್ತದೆ. ಆಳದ ಕಡೆ ಗಂಡಸರು ದೋಣಿ ನಿಲ್ಲಿಸಿ ಮುಳುಗುತ್ತಾರೆ. ಅಂಬಿಗರು, ಹರಿಕಂತರರು, ಹಾಲಕ್ಕಿ ಒಕ್ಕಲಿಗರು, ಹೀಗೆ ಹೊಳೆಯನ್ನು ನಂಬಿದ ಹಲವು ಸಮುದಾಯಗಳ ಅನ್ನ ಇದರಲ್ಲಿದೆ. ಬಲೆ ಬೇಡ, ಯಂತ್ರ ಬೇಡ, ಬಂಡವಾಳವೂ ಬೇಡ. ದುಡ್ಡಿಲ್ಲದ ಮನೆಗೂ ಈ ಕಸುಬಿನ ಬಾಗಿಲು ತೆರೆದೇ ಇರುವುದು ಅದಕ್ಕೇ.

ಬಳಚಿನ ಹಳೆಯ ಬೆಲೆ ಅದರ ಮಾಂಸದಲ್ಲಷ್ಟೇ ಇರಲಿಲ್ಲ. ರಾಯದುರ್ಗ, ಮಡಕಶಿರಾ, ಬಳ್ಳಾರಿಯಂಥ ಬಯಲುಸೀಮೆಯಲ್ಲಿ ಸುಣ್ಣವೆಂದರೆ ನೆಲದಿಂದ ಅಗೆದ ಸುಣ್ಣಕಲ್ಲು. ಕರಾವಳಿಯಲ್ಲಿ ಆ ಕಲ್ಲು ಕಡಿಮೆ, ಚಿಪ್ಪು ಬೇಕಾದಷ್ಟು. ಸಿಮೆಂಟು ಬರುವ ಮೊದಲು ಇಲ್ಲಿ ಗೋಡೆ ಎಬ್ಬಿಸಲು, ಗಾರೆ ಮೆತ್ತಲು, ಹಬ್ಬಕ್ಕೆ ಮನೆ ಬಳಿಯಲು, ಎಲೆಯಡಿಕೆಗೆ ಹಚ್ಚಲು ಚಿಪ್ಪಿನ ಸುಣ್ಣವೇ ಬೇಕಿತ್ತು. ಗೂಡಿನಲ್ಲಿ ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು ಎಂದು ಒಟ್ಟಿ ಬೆಂಕಿ ಕೊಡುತ್ತಿದ್ದರು. ಗಾಳಿಯೂದಿ ಕೆಂಡ ಕಾಯಿಸಿದರೆ ಚಿಪ್ಪಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಹಗುರಾದ, ಮುಟ್ಟಿದರೆ ಮುರಿಯುವ ಸುಟ್ಟ ಸುಣ್ಣ ಉಳಿಯುತ್ತಿತ್ತು. ಅದರ ಮೇಲೆ ನೀರು ಚಿಮುಕಿಸಿದಾಗ ಆಗುವುದನ್ನು ಹತ್ತಿರ ನಿಂತೇ ನೋಡಬೇಕು. ಚಿಪ್ಪು ಸುಯ್ಯೆಂದು ಬಿರಿದು, ಹಬೆ ಕಾರಿ, ಆಕಾರ ಕಳೆದುಕೊಂಡು, ನೋಡನೋಡುತ್ತಿದ್ದಂತೆ ಬೆಳ್ಳಗಿನ ಹುಡಿಯ ಗುಡ್ಡೆಯಾಗುತ್ತದೆ. ಕಲ್ಲಿನ ಸುಣ್ಣಕ್ಕೆ ಮಣ್ಣಿನ ಬಣ್ಣ ಸೇರುವ ಭಯವಿದ್ದರೆ, ಚಿಪ್ಪಿನ ಸುಣ್ಣದ ಬಿಳುಪು ಶುದ್ಧ.

ಇಷ್ಟೊಂದು ಚಿಪ್ಪು ಬಂದದ್ದಾದರೂ ಎಲ್ಲಿಂದ? ತಿಂದು ಎಸೆದದ್ದು ಅದರಲ್ಲೊಂದು ಪಾಲು ಮಾತ್ರ. ಅಳಿವೆಯ ಕೆಸರಿನಡಿಯಲ್ಲಿ ತಲೆತಲಾಂತರದಿಂದ ಸತ್ತ ಬಳಚುಗಳ ಚಿಪ್ಪು ಪದರುಪದರಾಗಿ ಕೂತಿದೆ. ಅದನ್ನು ಅಗೆದು ಸುಣ್ಣಕ್ಕೆ, ಕೋಳಿ ಆಹಾರಕ್ಕೆ, ಕಾರ್ಖಾನೆಗಳಿಗೆ ಕಳುಹಿಸುವುದೇ ಒಂದು ಉದ್ಯಮವಾಯಿತು. ಕೈಯಿಂದ ಹೆಕ್ಕುವವರಿಗೂ ತಳವನ್ನೇ ಬಗೆಯುವವರಿಗೂ ವ್ಯತ್ಯಾಸವಿದೆ. ಮೊದಲನೆಯವರು ಬೆಳೆ ಕೊಯ್ಯುತ್ತಾರೆ, ಎರಡನೆಯವರು ಹೊಲವನ್ನೇ ಹೊತ್ತೊಯ್ಯುತ್ತಾರೆ.

ಅಳಿವೆಯ ನೀರು ಎಲ್ಲ ಕಡೆ ಒಂದೇ ಅಲ್ಲ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹೊಳೆಯ ಮೇಲ್ಭಾಗಕ್ಕೆ ಹೋದಂತೆ ಅದು ಇಳಿಯುತ್ತ ಬರುತ್ತದೆ. ಬಳಚಿನ ಜಾತಿಗಳು ಅದಕ್ಕೆ ಸರಿಯಾಗಿ ಜಾಗ ಹಂಚಿಕೊಂಡಿವೆ. ಅಳಿವೆ ಬಾಯಿಯ ಹತ್ತಿರ, ಉಪ್ಪು ಹೆಚ್ಚಿರುವಲ್ಲಿ, ಪಾಫಿಯಾ ಮಲಬಾರಿಕಾ. ನಡುವೆ ಮೆರೆಟ್ರಿಕ್ಸ್. ಸಿಹಿನೀರು ಬೆರೆಯುವ ಮೇಲಿನ ಭಾಗದಲ್ಲಿ ಕಪ್ಪು ಚಿಪ್ಪಿನ ವಿಲ್ಲೋರಿಟಾ. ಜೂನ್ ಬಂದು ಘಟ್ಟದ ನೀರು ಕೆಂಪಗೆ ಇಳಿದಾಗ ಇಡೀ ಅಳಿವೆ ಹೆಚ್ಚುಕಡಿಮೆ ಸಿಹಿಯಾಗುತ್ತದೆ. ಆಗ ಬಳಚು ಚಿಪ್ಪು ಬಿಗಿಯಾಗಿ ಮುಚ್ಚಿ, ಒಳಗಿನ ಉಪ್ಪುನೀರನ್ನೇ ಕಾಪಾಡಿಕೊಂಡು ಕಾಯುತ್ತದೆ. ಸಿಹಿನೀರು ಬೇಗ ಹೋಗದಿದ್ದರೆ ಸಾಯುತ್ತದೆ.

ಮನೆಯ ಗಾಜಿನ ತೊಟ್ಟಿಯಲ್ಲಿ ಹವಳದ ಜೊತೆ ಚಿಪ್ಪುಜೀವಿ ಸಾಕುವವರು ಕಲಿಯಬೇಕಾದ ಮೊದಲ ಪಾಠವೂ ಇದೇ: ನೀರಿನ ಉಪ್ಪು ಥಟ್ಟನೆ ಬದಲಾಗಬಾರದು. ಆ ಹವ್ಯಾಸಕ್ಕೂ ಒಂದು ಚರಿತ್ರೆಯಿದೆ. ಲಂಡನ್ನಿನ ಪ್ರಾಣಿಸಂಗ್ರಹಾಲಯ 1853ರಲ್ಲಿ ಮೀನಿನ ಗಾಜುಮನೆ ತೆರೆಯಿತು. ಮರುವರ್ಷವೇ ನಿಸರ್ಗತಜ್ಞ ಫಿಲಿಪ್ ಗಾಸ್ ಅಕ್ವೇರಿಯಂ ಕುರಿತು ಪುಸ್ತಕ ಪ್ರಕಟಿಸಿದ. ಆದರೆ ಹವಳವನ್ನು ಜೀವಂತ ಉಳಿಸುವ ದಾರಿ ಜನಪ್ರಿಯವಾದದ್ದು ಒಂದು ಶತಮಾನದ ನಂತರ, ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ತನ್ನ ವಿಧಾನವನ್ನು ಬರೆದ ಮೇಲೆ. ಕಡಲಿನಿಂದ ತಂದ, ಜೀವಾಣು ತುಂಬಿದ ಬಂಡೆಯನ್ನು ತೊಟ್ಟಿಗಿಟ್ಟು, ಗಾಳಿಗುಳ್ಳೆ ಹಾಯಿಸಿ, ಬೆಳಕು ಕೊಡುವುದೇ ಆತನ ಉಪಾಯ. ಮುಂದೆ ಆ ತೊಟ್ಟಿಗಳಿಗೆ ಬಂದದ್ದು ಟ್ರೈಡಾಕ್ನಾ, ಹವಳದಿಬ್ಬಗಳ ದೈತ್ಯ ಬಳಚು. ಅದರ ನೀಲಿ, ಹಸಿರು ಅಂಚಿನಲ್ಲಿ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಬಳಚಿಗೂ ಪಾಲು. ಹಾಗಾಗಿ ಇದಕ್ಕೆ ನೀರಿನಷ್ಟೇ ಬೆಳಕೂ ಮುಖ್ಯ. ಕೊಂಡು ತಂದವರು ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಶಾಖ ಸರಿಹೊಂದಿಸಿ, ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸಿ, ಉಪ್ಪು ಸಮವಾದ ಮೇಲಷ್ಟೇ ಒಳಗಿಡುತ್ತಾರೆ.

1980ರ ದಶಕದಲ್ಲಿ ಪಲಾವ್ ದ್ವೀಪಗಳಲ್ಲಿ ಇದೇ ದೈತ್ಯ ಬಳಚಿನ ಮರಿ ಬೆಳೆಸುವ ಕೇಂದ್ರ ದೊಡ್ಡದಾಗಿ ನಡೆಯಿತು. ಅದೇ ದಶಕದಲ್ಲಿ ದೈತ್ಯ ಬಳಚುಗಳು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೂ ಸೇರಿದವು. ಭಾರತದಲ್ಲಿ 2001ರಲ್ಲಿ ಹವಳಗಳ ಜೊತೆ ಟ್ರೈಡಾಕ್ನಾವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿತು. ಲಕ್ಷದ್ವೀಪದಿಂದ, ಅಂಡಮಾನಿನಿಂದ ಅದನ್ನು ತೆಗೆಯುವುದು ಅಪರಾಧ. ಬೆಂಗಳೂರಿನ ಅಂಗಡಿಯಲ್ಲಿ ಒಂದು ದೈತ್ಯ ಬಳಚು ಕಂಡರೆ ಅದರ ಬಣ್ಣ ಮೆಚ್ಚುವ ಮೊದಲು ಕಾಗದ ಕೇಳುವುದು ಕೊಳ್ಳುವವನ ಕರ್ತವ್ಯ.

ಅಘನಾಶಿನಿಯ ಬಳಚಿಗೆ ಅಂಥ ಕಾಗದವಿಲ್ಲ, ಇರಬೇಕಿತ್ತೆಂದೂ ಅಲ್ಲ. ಅದಕ್ಕೆ ಬೇಕಿರುವುದು ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥದೊಂದು ಲೆಕ್ಕ ಕೊಟ್ಟಿತು: ವರ್ಷಕ್ಕೆ ಸುಮಾರು 22,000 ಟನ್ ಬಳಚು, 5.78 ಕೋಟಿ ರೂಪಾಯಿ ಬೆಲೆ, 2,300ಕ್ಕೂ ಹೆಚ್ಚು ಜನರಿಗೆ ಕೆಲಸ. ಒಂದು ಪಾಲು ಗೋವಾದ ಮಾರುಕಟ್ಟೆಗೆ ಹೋಗುತ್ತಿತ್ತು. ಹೊಳೆ ಕಡಲು ಸೇರುವ ತದಡಿಯಲ್ಲಿ 4,000 ಮೆಗಾವಾಟ್ ವಿದ್ಯುತ್ ಸ್ಥಾವರ ಕಟ್ಟುವ ಮಾತು ಎದ್ದಿದ್ದ ಕಾಲವದು. ಹೊಳೆಯ ದಂಡೆಯವರು ಬಿಡದೆ ವಿರೋಧಿಸಿದರು, ಯೋಜನೆ ನಿಂತಿತು. ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಈ ಹೊಳೆಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು. ವಿಸ್ತೀರ್ಣ 4,801 ಹೆಕ್ಟೇರ್.

ಹೆಸರು ಬಂದರೆ ಸಾಲದು, ನಿಯಮವೂ ಬೇಕು ಎನ್ನುವುದಕ್ಕೆ ಕೇರಳದ ಕೊಲ್ಲಂನ ಅಷ್ಟಮುಡಿ ಸರೋವರ ಸಾಕ್ಷಿ. ಅಲ್ಲಿ ಇದೇ ಪಾಫಿಯಾ ಮಲಬಾರಿಕಾ 1990ರ ದಶಕದ ಆರಂಭದಲ್ಲಿ ಅತಿಯಾಗಿ ತೆಗೆದ ಕಾರಣ ಕುಸಿಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಸಂತಾನದ ಸಮಯವಾದ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹೆಕ್ಕುವುದನ್ನು ನಿಲ್ಲಿಸಿದರು, ಮರಿಗಳು ಜಾರಿಹೋಗುವಂತೆ ಬಲೆಯ ಕಣ್ಣು 30 ಮಿಲಿಮೀಟರಿಗೆ ಏರಿಸಿದರು. ಬಳಚು ಮತ್ತೆ ತುಂಬಿಕೊಂಡಿತು. 2014ರಲ್ಲಿ ಸುಸ್ಥಿರ ಮೀನುಗಾರಿಕೆಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಅದಾಯಿತು. ಅಷ್ಟಮುಡಿಯಲ್ಲಿ ಸಾಧ್ಯವಾದದ್ದು ಕುಮಟಾದಲ್ಲೂ ಸಾಧ್ಯ, ಹೊಳೆಗಿಳಿಯುವ ಹೆಂಗಸರನ್ನು ಕೂರಿಸಿಕೊಂಡು ನಿಯಮ ಮಾಡಿದರೆ.

ಕುಮಟಾ, ಗೋಕರ್ಣದ ಪೇಟೆಯಲ್ಲಿ ಬಳಚು ಕೊಳ್ಳುವವರು ದೊಡ್ಡದನ್ನೇ ಆರಿಸಿ. ಮನೆಗೆ ತಂದು ಉಪ್ಪುನೀರಿನಲ್ಲಿ ಕೆಲವು ತಾಸು ಬಿಡಿ, ಒಳಗಿನ ಮರಳನ್ನು ತಾನೇ ಉಗುಳುತ್ತದೆ. ಬೇಯಿಸಿದಾಗ ಬಾಯಿ ಬಿಡದ್ದನ್ನು ತಿನ್ನಬೇಡಿ. ಉಗುರಿನಷ್ಟು ಚಿಕ್ಕ ಮರಿಗಳ ರಾಶಿಯನ್ನು ಅಗ್ಗದ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ.