ಮೈಲುತುತ್ತದ ಸ್ಫಟಿಕರಚನೆ: ಶೋಧದ ಇತಿಹಾಸ

ಅಡಿಕೆ ತೋಟದ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತವೆಂದರೆ ಐದು ನೀರಿನ ಅಣುಗಳನ್ನು ಕಟ್ಟಿಕೊಂಡ ತಾಮ್ರದ ಸಲ್ಫೇಟು. ಕ್ಷ-ಕಿರಣ ವಿವರ್ತನೆ ಮೊದಲು ಕಂಡುಬಂದದ್ದು ಈ ನೀಲಿ ಹರಳಿನಲ್ಲೇ. ಆದ್ದರಿಂದ ಇದರ ರಚನೆಯೂ ಆಗಲೇ ತಿಳಿಯಿತೆಂದು ಭಾವಿಸುವುದುಂಟು. ವಾಸ್ತವದಲ್ಲಿ ನಡುವೆ 22 ವರ್ಷ ಕಳೆದವು.

1912ರ ಏಪ್ರಿಲ್‌ನಲ್ಲಿ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲೌಅ ಸೂಚಿಸಿದಂತೆ ವಾಲ್ಟರ್ ಫ್ರೀಡ್ರಿಕ್ ಮತ್ತು ಪೌಲ್ ಕ್ನಿಪಿಂಗ್ ಈ ಹರಳಿನೊಳಗೆ ಕಿರಣ ಹಾಯಿಸಿದರು. ಹರಳಿನ ಪರಮಾಣುಗಳು ತಾವೇ ಹೊಮ್ಮಿಸುವ ವಿಶಿಷ್ಟ ಕಿರಣಗಳು ವ್ಯತಿಕರಣಗೊಳ್ಳುತ್ತವೆ ಎಂಬುದು ಲೌಅ ಅವರ ಎಣಿಕೆ. ತಾಮ್ರವಿರುವ ಹರಳು ಬೇಕೆನಿಸಿದ್ದು ಅದಕ್ಕೇ. ಎಣಿಕೆ ತಪ್ಪಾಗಿತ್ತು, ಪ್ರಯೋಗ ಗೆದ್ದಿತು: ಹರಳಿನ ಹಿಂದಿಟ್ಟ ಫಲಕದ ಮೇಲೆ ಮಸುಕಾದ ಚುಕ್ಕೆಗಳು ಮೂಡಿದವು, ಹರಳನ್ನು ಪುಡಿಮಾಡಿ ಇಟ್ಟಾಗ ಆ ವಿನ್ಯಾಸ ಇರಲಿಲ್ಲ. ಸಮಮಿತಿ ತೀರ ಕಡಿಮೆಯಿರುವ ಮೈಲುತುತ್ತವನ್ನು ಬಿಟ್ಟು ಅವರು ಸತುವಿನ ಸಲ್ಫೈಡಿಗೆ ಹೊರಳಿದರು. ಈ ಶೋಧದ ಬಗ್ಗೆ ಹೇಳಿಕೊಂಡು ಬಂದ ಕಥೆಯಲ್ಲಿ ಪುರಾಣದ ಅಂಶವೇ ಹೆಚ್ಚೆಂದು ಇತಿಹಾಸಕಾರ ಪಾಲ್ ಫೋರ್ಮನ್ 1969ರಲ್ಲಿ ವಾದಿಸಿದರು. ಆ ದಿನಗಳನ್ನು ಹತ್ತಿರದಿಂದ ಬಲ್ಲ ಪಿ. ಪಿ. ಎವಾಲ್ಡ್ ಅದನ್ನು ಒಪ್ಪಲಿಲ್ಲ.

ರಚನೆಯನ್ನು ಬಿಡಿಸಿದವರು ಸಿ. ಎ. ಬೀವರ್ಸ್ ಮತ್ತು ಹೆನ್ರಿ ಲಿಪ್ಸನ್, 1934ರಲ್ಲಿ. ಭಾರವಾದ ತಾಮ್ರ ಸಮಮಿತಿ ಕೇಂದ್ರಗಳಲ್ಲೇ ಕೂತಿದ್ದುದು ಅವರಿಗೆ ಅನುಕೂಲವಾಯಿತು. ಫೂರಿಯೇ ಸಂಕಲನದ ಕೈಲೆಕ್ಕ ಮಾತ್ರ ಬೇಸರದ ಕೆಲಸ. ಅದನ್ನು ಹಗುರಗೊಳಿಸಲು ಸೈನ್, ಕೊಸೈನ್ ಬೆಲೆಗಳನ್ನು ಕಾಗದದ ಪಟ್ಟಿಗಳ ಮೇಲೆ ಮೊದಲೇ ಬರೆದಿಟ್ಟುಕೊಳ್ಳುವ ಉಪಾಯ ಹೂಡಿದರು. ಪೆಟ್ಟಿಗೆಗಳಲ್ಲಿ ಜೋಡಿಸಿದ ‘ಬೀವರ್ಸ್-ಲಿಪ್ಸನ್ ಪಟ್ಟಿ’ಗಳು ಕಂಪ್ಯೂಟರ್ ಬರುವವರೆಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದ್ದವು. ಮೂಲ ಫಲಿತಾಂಶಕ್ಕಿಂತ ಈ ಉಪಕರಣವೇ ಹೆಚ್ಚು ಹೆಸರಾಯಿತು.

ಫಲಿತಾಂಶವೂ ಸಣ್ಣದಲ್ಲ. ತಾಮ್ರದ ಸುತ್ತ ಚೌಕಾಕಾರದಲ್ಲಿ ನಾಲ್ಕು ನೀರಿನ ಅಣುಗಳು, ಮೇಲೆ ಕೆಳಗೆ ತುಸು ದೂರದಲ್ಲಿ ಸಲ್ಫೇಟಿನ ಎರಡು ಆಕ್ಸಿಜನ್‌ಗಳು. ಐದನೆಯ ನೀರು ತಾಮ್ರಕ್ಕೆ ಅಂಟಿಯೇ ಇಲ್ಲ. ಹೈಡ್ರೋಜನ್ ಬಂಧಗಳಿಂದ ನಿಂತಿದೆ. ಕ್ಷ-ಕಿರಣಕ್ಕೆ ಸರಿಯಾಗಿ ಕಾಣದ ಹೈಡ್ರೋಜನ್‌ಗಳ ಜಾಗವನ್ನು 1962ರಲ್ಲಿ ಜಿ. ಇ. ಬೇಕನ್ ಮತ್ತು ಎನ್. ಎ. ಕರಿ ನ್ಯೂಟ್ರಾನ್ ವಿವರ್ತನೆಯಿಂದ ಗುರುತಿಸಿದರು.

ಕಾಯಿಸಿದಾಗ ಕೊನೆಗೆ ಬಿಟ್ಟುಹೋಗುವುದು ಈ ಐದನೆಯ ನೀರೇ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ರಚನೆಗಳು ಇದನ್ನು ಬೆಂಬಲಿಸುವುದಿಲ್ಲ. ಜಾಹ್ರೊಬ್ಸ್ಕಿ ಮತ್ತು ಬೌರ್ 1968ರಲ್ಲಿ ಪ್ರಕಟಿಸಿದ ಮೂರು ನೀರಿನ ಲವಣದ ರಚನೆಯಲ್ಲಿ ಮೂರೂ ಅಣುಗಳು ತಾಮ್ರಕ್ಕೆ ಬೆಸೆದಿವೆ. ಒಂದೇ ನೀರು ಉಳಿದ ಲವಣದಲ್ಲಿ ಆ ಒಂದು ಅಣುವನ್ನು ಎರಡು ತಾಮ್ರಗಳು ಹಂಚಿಕೊಂಡಿವೆ.