ಹದಿನೈದು ನಿಮಿಷದ ಮಾತು

ಜ್ವರ ಬಂದವನು ತನಗೆ ಜ್ವರ ಬಂದಿದೆಯೆಂದು ತಾನೇ ಹೇಳುತ್ತಾನೆ. ಹಲ್ಲುನೋವಿನವನು ಕೆನ್ನೆ ಹಿಡಿದುಕೊಂಡು ತಾನಾಗಿಯೇ ವೈದ್ಯರ ಬಳಿಗೆ ಹೋಗುತ್ತಾನೆ. ಕುಡಿತಕ್ಕೆ ಸಿಕ್ಕಿದವನ ರೀತಿಯೇ ಬೇರೆ. ಅವನ ಸ್ಥಿತಿ ಊರಿಗೆಲ್ಲ ತಿಳಿದ ಮೇಲೂ ಅವನೊಬ್ಬನಿಗೆ ತಿಳಿದಿರುವುದಿಲ್ಲ. “ನಾನೇನು ದಿನವೂ ಕುಡಿಯುತ್ತೇನೆಯೆ?” “ನನ್ನ ದುಡಿಮೆಯ ದುಡ್ಡಿನಲ್ಲಿ ಕುಡಿದರೆ ಯಾರಿಗೇನು?” “ಬಿಡಬೇಕೆಂದರೆ ನಾಳೆಯೇ ಬಿಟ್ಟೇನು.” ಈ ಮಾತುಗಳನ್ನು ಕೇಳದ ಬೀದಿ ನಮ್ಮಲ್ಲಿ ಇರಲಾರದು. ಇದು ಬರಿಯ ಸುಳ್ಳೂ ಅಲ್ಲ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಇವನಾದರೋ ಮೊದಲು ತನಗೆ ತಾನೇ ಹೇಳಿಕೊಂಡು, ಅದನ್ನು ನಂಬಿ, ಆಮೇಲೆ ನಮಗೆ ಹೇಳುತ್ತಾನೆ.

ಒಳಗಿನಿಂದ ಹಾಕಿಕೊಂಡ ಈ ಅಗುಳಿಯನ್ನು ಹೊರಗಿನವರು ತೆಗೆಯುವುದು ಹೇಗೆ? ಉಪದೇಶ, ಶಾಸನ, ಔಷಧ, ಬೈಗುಳ, ಕಣ್ಣೀರು ಎಲ್ಲವನ್ನೂ ಜನ ಪ್ರಯೋಗಿಸಿ ನೋಡಿದ್ದಾರೆ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅದು ಇಬ್ಬರು ಕುಡುಕರು ಎದುರುಬದುರು ಕುಳಿತು ಆಡಿದ ಮಾತು, ಅಷ್ಟೆ.

ಈ ದಾರಿಯ ಸುಳಿವು ಆ ದೇಶದಲ್ಲಿ ಅದಕ್ಕೂ ಹಿಂದೆ ಒಮ್ಮೆ ಸಿಕ್ಕಿ ಕೈತಪ್ಪಿತ್ತು. 1840ರಲ್ಲಿ ಬಾಲ್ಟಿಮೋರ್ ನಗರದ ಒಂದು ಪಡಖಾನೆಯಲ್ಲಿ ದಿನವೂ ಸೇರುತ್ತಿದ್ದ ಆರು ಮಂದಿ ಗೆಳೆಯರು ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ವಾಷಿಂಗ್ಟನ್ ಹೆಸರಿನಲ್ಲಿ ಒಂದು ಸಂಘ ಕಟ್ಟಿದರು. ಆ ಸಭೆಗಳಲ್ಲಿ ಉಪದೇಶಕರಿರಲಿಲ್ಲ. ಕುಡಿದು ಕೆಟ್ಟವರೇ ಎದ್ದು ನಿಂತು ತಮ್ಮ ಕಥೆ ಹೇಳುತ್ತಿದ್ದರು. ಜನ ಸಾವಿರಗಟ್ಟಲೆ ಸೇರಿದರು. 1842ರ ಫೆಬ್ರುವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಆ ಸಂಘದವರ ಮುಂದೆ ಮಾತನಾಡಿದವರು ಆಗ ತರುಣ ವಕೀಲರಾಗಿದ್ದ ಅಬ್ರಹಾಂ ಲಿಂಕನ್. ಕುಡುಕನನ್ನು ಶಪಿಸುವುದಕ್ಕಿಂತ ಅವನ ಗೆಳೆಯನಾಗಿ ಒಲಿಸಿಕೊಳ್ಳುವ ಈ ದಾರಿಯೇ ಮೇಲೆಂದು ಅವರು ಮೆಚ್ಚಿಕೊಂಡರು. ಆದರೆ ಸಂಘ ಬಹುಕಾಲ ಬಾಳಲಿಲ್ಲ. ಪಾನನಿರೋಧದ ಶಾಸನ ಬೇಕೆ ಬೇಡವೆ ಎಂಬ ವಾಗ್ವಾದಗಳಲ್ಲಿ ಸಿಕ್ಕಿ, ಕೆಲವೇ ವರ್ಷಗಳಲ್ಲಿ ಚದುರಿಹೋಯಿತು. ಜನ ಅದನ್ನು ಮರೆತೂಬಿಟ್ಟರು.

ಮುಂದೆ ಶಾಸನದ ಸರದಿ ಬಂದಿತು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಅದನ್ನು ಸ್ವಾಗತಿಸಿದವರಲ್ಲಿ ಆಕ್ರನ್ನಿನ ಶಸ್ತ್ರವೈದ್ಯ ಡಾಕ್ಟರ್ ರಾಬರ್ಟ್ ಸ್ಮಿತ್ ಒಬ್ಬರು. ಅವರು ವಿದ್ಯಾರ್ಥಿದೆಸೆಯಿಂದಲೂ ಕುಡಿಯುತ್ತ ಬಂದವರು. ಪೇಟೆಯಲ್ಲಿ ಮದ್ಯವೇ ಸಿಗದೆಹೋದರೆ ತನ್ನ ಚಟ ತಾನಾಗಿ ಬಿಡುವುದೆಂದು ಅವರ ಎಣಿಕೆ. ಆದರೆ ವೈದ್ಯರಿಗೆ ಔಷಧದ ಹೆಸರಿನಲ್ಲಿ ಮದ್ಯ ಸಿಗುತ್ತಿತ್ತು. ಕಳ್ಳಮಾಲು ಮಾರುವವರೂ ಬೇಗನೆ ಹುಟ್ಟಿಕೊಂಡರು. ಎಣಿಕೆ ತಲೆಕೆಳಗಾಯಿತು.

ಡಾಕ್ಟರು ನಡೆಸಿದ ಉಪಾಯಗಳನ್ನು ಮುಂದೆ ಅವರೇ ಬರೆದಿದ್ದಾರೆ. ಮಡದಿಯ ಕಣ್ಣು ತಪ್ಪಿಸಿ ಸೀಸೆಗಳನ್ನು ಇದ್ದಲಿನ ರಾಶಿಯಲ್ಲಿ ಹೂಳುವುದು, ನೆಲಮಾಳಿಗೆಯ ಬಿರುಕುಗಳಲ್ಲಿ ಅಡಗಿಸುವುದು. ಬೆಳಗ್ಗೆ ಕೈ ನಡುಗದಂತೆ ಶಾಮಕ ಔಷಧ ನುಂಗಿ ಕೆಲಸಕ್ಕೆ ಹೋಗುವುದು. ಸಂಜೆ ಮತ್ತೆ ಸೀಸೆ. ಒಮ್ಮೆ ಅವರಿಗೆ ಹೊಸ ಯೋಚನೆಯೊಂದು ಹೊಳೆಯಿತು. ಬರಿಯ ಬೀರು ಕುಡಿದರೆ ಅಪಾಯವಿಲ್ಲ ಎಂಬುದೇ ಆ ಯೋಚನೆ. ಮಡದಿಯನ್ನೂ ಒಪ್ಪಿಸಿ ನೆಲಮಾಳಿಗೆಯಲ್ಲಿ ಬೀರು ತುಂಬಿಸಿದರು. ಸ್ವಲ್ಪ ಕಾಲದಲ್ಲೇ ದಿನಕ್ಕೆ ಒಂದೂವರೆ ಪೆಟ್ಟಿಗೆ ಖಾಲಿಯಾಗತೊಡಗಿತು! “ಇದನ್ನು ಬಿಟ್ಟು ಅದನ್ನು ಕುಡಿಯುತ್ತೇನೆ”, “ರಾತ್ರಿ ಮಾತ್ರ ಕುಡಿಯುತ್ತೇನೆ” ಎಂಬ ಕರಾರುಗಳನ್ನು ಮನಸ್ಸು ತನ್ನೊಡನೆ ಮಾಡಿಕೊಳ್ಳತೊಡಗಿದರೆ ಅದೇ ಮೊದಲ ಗುರುತು. ಕುಡಿತ ಕೈಯೊಳಗಿದ್ದವನಿಗೆ ಕರಾರು ಏತಕ್ಕೆ ಬೇಕು?

ಇತ್ತ ನ್ಯೂಯಾರ್ಕಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ವ್ಯವಹಾರಸ್ಥರು ಇದೇ ಹಾದಿಯಲ್ಲಿದ್ದರು. 1934ರ ನವೆಂಬರಿನಲ್ಲಿ ಹಳೆಯ ಪಾನಮಿತ್ರನೊಬ್ಬ ಅವರ ಮನೆಗೆ ಬಂದ. ವಿಲ್ಸನ್ನರು ಬಟ್ಟಲು ಮುಂದಿಟ್ಟರೆ ಆತ ಬೇಡವೆಂದ. ತಾನು ಒಂದು ಧಾರ್ಮಿಕ ಗೆಳೆಯರ ಗುಂಪನ್ನು ಸೇರಿ ಕುಡಿತ ಬಿಟ್ಟೆನೆಂದು ಹೇಳಿದ. ವೈದ್ಯರು ಎಷ್ಟು ಹೇಳಿದರೂ ನಾಟದಿದ್ದುದು, ಜೊತೆಯಲ್ಲಿ ಕುಡಿದವನ ಬಾಯಿಂದ ಬಂದಾಗ ನಾಟಿತು. ಮುಂದಿನ ತಿಂಗಳು ವಿಲ್ಸನ್ನರು ಆಸ್ಪತ್ರೆ ಸೇರಿದರು. ಅಲ್ಲಿಂದ ಬಂದ ಮೇಲೆ ಮತ್ತೆ ಕುಡಿಯಲಿಲ್ಲ.

ಆಮೇಲೆ ಐದು ತಿಂಗಳು ಅವರು ಕುಡುಕರನ್ನು ಹುಡುಕಿ ಹುಡುಕಿ ಬುದ್ಧಿ ಹೇಳಿದರು. ಒಬ್ಬನೂ ಸುಧಾರಿಸಲಿಲ್ಲ. ಸೋತು ಕುಳಿತ ಗಂಡನಿಗೆ ಮಡದಿ ಲೋಯಿಸ್, ಸುಧಾರಿಸಿದವನು ಒಬ್ಬನಾದರೂ ಇದ್ದಾನೆ, ಅದು ನೀವೇ ಎಂದು ನೆನಪಿಸಿದರು. ಆಸ್ಪತ್ರೆಯ ಡಾಕ್ಟರ್ ಸಿಲ್ಕ್‌ವರ್ತ್, ಪ್ರವಚನ ನಿಲ್ಲಿಸಿ, ಈ ರೋಗದ ಸ್ವರೂಪವನ್ನು ಮೊದಲು ತಿಳಿಸಿರಿ ಎಂದು ಸಲಹೆ ಕೊಟ್ಟರು.

1935ರ ಮೇ ತಿಂಗಳಲ್ಲಿ ವಿಲ್ಸನ್ನರು ವ್ಯವಹಾರಕ್ಕೆಂದು ಆಕ್ರನ್ನಿಗೆ ಹೋದರು. ಕೆಲಸ ಕೆಟ್ಟಿತು. ಶನಿವಾರದ ಸಂಜೆ, ಪರಸ್ಥಳ, ಕೈಯಲ್ಲಿ ಹಣವಿಲ್ಲ. ಹೋಟೆಲಿನ ಪಡಸಾಲೆಯ ಒಂದು ಕೊನೆಯಲ್ಲಿ ಮದ್ಯದ ಕೋಣೆ, ಅಲ್ಲಿಂದ ನಗುವಿನ ಸದ್ದು. ಇನ್ನೊಂದು ಕೊನೆಯಲ್ಲಿ ಟೆಲಿಫೋನು. ಒಂದೇ ಒಂದು ಬಟ್ಟಲು ಎಂದು ಮನಸ್ಸು ಎಳೆಯಿತು. ಆ ಗಳಿಗೆಯಲ್ಲಿ ಅವರಿಗೊಂದು ಸತ್ಯ ತಿಳಿಯಿತು: ಇಷ್ಟು ದಿನ ಇತರರನ್ನು ಉಳಿಸುವುದಕ್ಕೆಂದು ಆಡಿದ ಮಾತು ತನ್ನನ್ನು ಉಳಿಸಿತ್ತು, ಈಗ ತನಗೆ ಮಾತನಾಡಲು ಇನ್ನೊಬ್ಬ ಕುಡುಕ ಬೇಕು. ಅವರು ಟೆಲಿಫೋನಿನ ಕಡೆಗೆ ನಡೆದರು. ಊರಿನ ಒಬ್ಬ ಪಾದ್ರಿಯನ್ನು ವಿಚಾರಿಸಿ, ಅಲ್ಲಿಂದ ಹಲವರನ್ನು ವಿಚಾರಿಸಿ, ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದರು. ಆಕೆಗೆ ಸ್ಮಿತ್ತರ ಕಷ್ಟ ಗೊತ್ತಿತ್ತು.

ಮರುದಿನ ಭಾನುವಾರ, ಮೇ 12, ಅಲ್ಲಿ ತಾಯಂದಿರ ದಿನ. ಹಿಂದಿನ ದಿನದ ಕುಡಿತದಿಂದ ತಲೆ ಸಿಡಿಯುತ್ತಿದ್ದ ಸ್ಮಿತ್ತರು, ಹದಿನೈದೇ ನಿಮಿಷ ಎಂದು ಮಡದಿಗೆ ಮೊದಲೇ ಹೇಳಿ, ಆಕೆಯ ಮನೆಗೆ ಸಂಜೆ 5 ಗಂಟೆಗೆ ಬಂದರು. ಎದ್ದು ಹೋದದ್ದು ರಾತ್ರಿ 11 ದಾಟಿದ ಮೇಲೆ.

ಆ ಕೋಣೆಯಲ್ಲಿ ನಡೆದುದೇನು? ವಿಲ್ಸನ್ನರು ಬುದ್ಧಿ ಹೇಳಲಿಲ್ಲ. ವೈದ್ಯನಿಗೆ ಕುಡಿತದ ಕೆಡುಕನ್ನು ತಿಳಿಸುವುದೇನಿದೆ? ಅವರು ತಮ್ಮ ಕಥೆ ಹೇಳಿದರು. ತನಗೆ ಈ ಮಾತು ಬೇಕಾಗಿ ಬಂದಿದ್ದೇನೆಂದೂ ಹೇಳಿದರು. ಅದೇ ಕರಾರು, ಅದೇ ಅಡಗಿಸುವಿಕೆ, ಅದೇ ಬೆಳಗಿನ ನಡುಕ. ಸ್ಮಿತ್ತರು ಎದುರಿಗೆ ಕುಳಿತವನಲ್ಲಿ ತಮ್ಮನ್ನೇ ಕಂಡರು. ಆರೋಪ ಮಾಡಿದರೆ ಮನುಷ್ಯ ವಾದಕ್ಕೆ ನಿಲ್ಲುತ್ತಾನೆ. ಎದುರಿಗಿರುವವನು ತನ್ನ ತಪ್ಪನ್ನೇ ಹೇಳಿಕೊಳ್ಳುತ್ತಿದ್ದರೆ ವಾದಿಸುವುದು ಯಾರೊಡನೆ? ಕುಡಿತವನ್ನು ಸ್ವಂತ ಅನುಭವದಿಂದ ಬಲ್ಲವನಾಗಿ ತಮ್ಮೊಡನೆ ಮಾತನಾಡಿದ ಮೊದಲ ಮನುಷ್ಯ ಇವನೇ ಎಂದು ಸ್ಮಿತ್ತರು ಆಮೇಲೆ ಬರೆದಿದ್ದಾರೆ.

ಅಲ್ಲಿಗೇ ಎಲ್ಲವೂ ಸರಿಹೋಗಲಿಲ್ಲ. ಕೆಲವು ವಾರಗಳಲ್ಲಿ ಸ್ಮಿತ್ತರು ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದವರು ಮತ್ತೆ ಜಾರಿದರು. ಆದರೆ ಈ ಸಲ ಮರಳಿ ಎದ್ದರು. ಜೂನ್ 10 ಅವರ ಕೊನೆಯ ಬಟ್ಟಲಿನ ದಿನ. 1950ರ ನವೆಂಬರ್ 16ರಂದು ತೀರಿಕೊಳ್ಳುವವರೆಗೆ ಅವರು ಕುಡಿಯಲಿಲ್ಲ. ಆ ಜೂನ್ 10ನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಅನಾಮಧೇಯ ಕುಡುಕರ ಬಳಗದ ಜನ್ಮದಿನವೆಂದು ಎಣಿಸುತ್ತಾರೆ. ಇಬ್ಬರೂ ಕೂಡಿ ಆಕ್ರನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದ ವಕೀಲನೊಬ್ಬನನ್ನು ಕಂಡರು, ಆತ ಮೂರನೆಯವನಾದ.

ಬಳಗ ಮೊದಲು ಮೆಲ್ಲಗೆ ಬೆಳೆಯಿತು. 1939ರಲ್ಲಿ ಅದರ ಪುಸ್ತಕ ಹೊರಬಂದಿತು. 1941ರ ಮಾರ್ಚಿಯಲ್ಲಿ ಒಂದು ಜನಪ್ರಿಯ ವಾರಪತ್ರಿಕೆ ಅದರ ವಿಷಯ ಬರೆಯಲು, ಸುಮಾರು 2,000 ಇದ್ದ ಸದಸ್ಯರು ಆ ವರ್ಷದ ಕೊನೆಗೆ ಸುಮಾರು 8,000 ಆದರು. ಬಾಲ್ಟಿಮೋರಿನವರು ಎಡವಿದ ಕಲ್ಲಿಗೆ ಇವರು ಎಡವಲಿಲ್ಲ. ಶಾಸನದ ಪರವೂ ಅಲ್ಲ, ವಿರೋಧವೂ ಅಲ್ಲ, ರಾಜಕೀಯವಿಲ್ಲ, ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಅವನು ಸದಸ್ಯ. ಹೆಸರು ಹೊರಗೆ ಬಾರದು. ಮಾನಕ್ಕೆ ಅಂಜುವವನು ಒಳಗೆ ಕಾಲಿಡಬೇಕಾದರೆ ಇದು ಅವಶ್ಯ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು, ಮದ್ಯದ ಮುಂದೆ ತನ್ನ ಬಲ ಸಾಲದೆಂದು ಒಪ್ಪಿಕೊಳ್ಳುವುದು. ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು ಅದೇ.

ಮನೆಯವರ ಕಥೆಯೂ ಇದರಲ್ಲಿ ಸೇರಿದೆ. “ಅವರಿಗೆ ಮೈ ಸರಿಯಿಲ್ಲ” ಎಂದು ಕಚೇರಿಗೆ ಹೇಳಿ ಕಳಿಸುವ ಹೆಂಡತಿ, ಅಣ್ಣನ ಸಾಲ ತೀರಿಸಿ ಬಾಯಿ ಮುಚ್ಚಿಕೊಳ್ಳುವ ತಮ್ಮ, ಇವರೂ ತಿಳಿಯದೆಯೇ ಆ ಅಗುಳಿಯನ್ನು ಭದ್ರಪಡಿಸುತ್ತಾರೆ. ಇದನ್ನು ಅರಿತ ಲೋಯಿಸ್ ವಿಲ್ಸನ್ 1951ರಲ್ಲಿ ಮನೆಯವರಿಗಾಗಿಯೇ ‘ಅಲ್-ಅನಾನ್’ ಎಂಬ ಬೇರೆ ಬಳಗ ಕಟ್ಟುವುದರಲ್ಲಿ ಮುಂದಾದರು.

ಈ ಬಳಗ 1950ರ ದಶಕದಲ್ಲಿ ಮುಂಬಯಿಯ ಮೂಲಕ ನಮ್ಮ ದೇಶಕ್ಕೂ ಬಂದಿತು. ಇಂದು ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಸಭೆಗಳು ನಡೆಯುತ್ತವೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಅಂಗಡಿಗಳು ಮುಚ್ಚಿದವು. ಅಂಗಡಿ ಮುಚ್ಚಿದರೆ ಕುಡಿತವೂ ಮುಚ್ಚುವುದಿಲ್ಲವೆಂಬುದನ್ನು ನಾವೂ ಕಂಡಿದ್ದೇವೆ. ಇಲ್ಲಿ ಒಂದು ಎಚ್ಚರಿಕೆ: ಬಹುಕಾಲ ಹೆಚ್ಚಾಗಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳವು, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಬೇಕು. ಗೆಳೆಯರ ಬಳಗ ಔಷಧಕ್ಕೆ ಬದಲಲ್ಲ, ಜೊತೆ. ಅದು ಬರಿಯ ನಂಬಿಕೆಯ ಮಾತೂ ಅಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಕುಡಿತದಿಂದ ಪೂರಾ ದೂರವಿರುವುದಕ್ಕೆ ಈ ಬಗೆಯ ಬೆಂಬಲ ಇತರ ಚಿಕಿತ್ಸೆಗಳಿಗೆ ಸಮನಾಗಿ, ಕೆಲವೊಮ್ಮೆ ಹೆಚ್ಚಾಗಿಯೂ ನೆರವಾಗುತ್ತದೆಂದು ಕಂಡುಕೊಂಡಿತು.

ನಮ್ಮ ಓಣಿಯಲ್ಲಿಯೂ ಸೀಸೆ ಅಡಗಿಸುವವರು ಇದ್ದಾರೆ; ನಮ್ಮ ಮನೆಯಲ್ಲಿಯೂ ಇರಬಹುದು; ಈ ಸಾಲುಗಳನ್ನು ಓದುತ್ತಿರುವವರೇ ಇರಬಹುದು. ಅವರಿಗೆ ನಾವು ಸಾಕಷ್ಟು ಉಪದೇಶ ಮಾಡಿ ಆಗಿದೆ. ಅದೇ ದಾರಿಯಲ್ಲಿ ಬಿದ್ದು ಎದ್ದವನೊಬ್ಬನ ಎದುರಿಗೆ ಒಮ್ಮೆ ಕೂರಿಸಿ ನೋಡೋಣ. ಹದಿನೈದೇ ನಿಮಿಷ ಎಂದು ಹೇಳಿಯೇ ಬರಲಿ; ಬಂದರಾಯಿತು.